ಕೂಗು ನಿಂತ ಊರು

“ಗುರುಗಳೇ, ಕಳ್ಳನಿಗೂ ಹಕ್ಕುಗಳುಂಟೇ? ಅವನನ್ನು ಹಿಡಿಯುವವನ ಕೈಯನ್ನೇ ನೂರೆಂಟು ಕಟ್ಟಳೆಗಳಿಂದ ಕಟ್ಟಿಹಾಕುವುದೇಕೆ?” ಎಂದು ಶಿಷ್ಯನೊಬ್ಬ ಕೇಳಿದ.

ಆ ವಾರವಷ್ಟೇ ಮಠದ ಹಸು ಕಳುವಾಗಿತ್ತು. ಶಿಷ್ಯನ ಸಿಟ್ಟು ಇನ್ನೂ ಆರಿರಲಿಲ್ಲ. ಗುರುಗಳು ನಕ್ಕು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕೊತ್ವಾಲನಿದ್ದ. ಊರು ಕಾಯುವುದು, ಕಳ್ಳರನ್ನು ಹಿಡಿದು ಚಾವಡಿಯಲ್ಲಿ ಕೂಡಿಹಾಕುವುದು ಅವನ ಕೆಲಸ. ಆದರೆ ಯಾರನ್ನೇ ಹಿಡಿಯಬೇಕಾದರೂ ಅವನು ಮೊದಲು ಬೀದಿಯಲ್ಲಿ ನಿಂತು ಆ ಮನುಷ್ಯನ ಹೆಸರನ್ನೂ ಅವನ ಮೇಲಿನ ಆರೋಪವನ್ನೂ ಕೂಗಿ ಹೇಳಬೇಕಿತ್ತು. ನೆರೆಮನೆಯವರು ಹೊರಗೆ ಬಂದು “ಕೇಳಿದೆವು” ಅನ್ನಬೇಕಿತ್ತು. ಹಾಗೆ ಅಂದವರು ಮರುದಿನ ಚಾವಡಿಗೆ ಹೋಗಿ, ಹಿಡಿದವನನ್ನು ಕಣ್ಣಾರೆ ಕಂಡು, ಮೈಮೇಲೆ ಪೆಟ್ಟು ಬಿದ್ದಿಲ್ಲವೆಂದು ಖಾತ್ರಿ ಮಾಡಿಕೊಂಡು ಬರುತ್ತಿದ್ದರು.

ಆ ಊರಿನ ವರ್ತಕನೊಬ್ಬನ ಅಂಗಡಿಗೆ ಕನ್ನ ಬಿತ್ತು. ತಾಮ್ರದ ಹಂಡೆಗಳೆಲ್ಲ ಹೋದವು. ಕೊತ್ವಾಲ ಕಳ್ಳನ ಮನೆಯ ಮುಂದೆ ನಿಂತು ಹೆಸರು ಕೂಗುವಷ್ಟರಲ್ಲಿ ಕಳ್ಳ ಹಿತ್ತಿಲ ಬಾಗಿಲಿನಿಂದ ಪರಾರಿಯಾದ. ನಾನು ಬಂದೆ, ನೀನು ಓಡು ಎಂದು ಡಂಗುರ ಸಾರಿದಂತಾಯಿತು. ವರ್ತಕನ ಹೊಟ್ಟೆ ಉರಿಯಿತು. ಅವನು ಹಿರಿಯರನ್ನು ಸೇರಿಸಿ, ಈ ಕೂಗಾಟದಿಂದ ಲಾಭ ಕಳ್ಳರಿಗಷ್ಟೇ, ನಮ್ಮ ಕೊತ್ವಾಲ ಅಪ್ಪಟ ಪ್ರಾಮಾಣಿಕ, ಅವನನ್ನು ನಂಬದೆ ಇನ್ನಾರನ್ನು ನಂಬುವುದು ಎಂದು ವಾದಿಸಿದ. ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಹಿರಿಯರು ತಲೆಯಾಡಿಸಿದರು. ಕೂಗು ನಿಂತಿತು. ಅದರೊಡನೆ ನೆರೆಯವರು ಚಾವಡಿಗೆ ಹೋಗಿ ನೋಡಿಬರುವುದೂ ನಿಂತಿತು.

ಕಳವೂ ನಿಂತಿತು. ವರ್ತಕ ಮೀಸೆ ತಿರುವಿಕೊಂಡು ಓಡಾಡಿದ. ಈ ನಡುವೆ ಕುಂಬಾರನೊಬ್ಬ ಕಾಣೆಯಾದ. ಆಮೇಲೆ ಬಳೆ ಮಾರುವವನೊಬ್ಬ. ಏನೋ ಮಾಡಿರಬೇಕು ಬಿಡು ಎಂದುಕೊಂಡು ವರ್ತಕ ತನ್ನ ಪಾಡಿಗೆ ತಾನಿದ್ದ. ಯಾರ ಹೆಸರು ಯಾರ ಕಿವಿಗೆ ಬೀಳುತ್ತದೋ ಎಂಬ ಭಯಕ್ಕೆ ಬೀದಿಯಲ್ಲಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದು ಕಡಿಮೆಯಾಯಿತು. ತಾಯಂದಿರು ಮಕ್ಕಳನ್ನು ಊಟಕ್ಕೆ ಕೈಸನ್ನೆ ಮಾಡಿ ಕರೆಯತೊಡಗಿದರು.

ಒಂದು ಮಧ್ಯಾಹ್ನ ವರ್ತಕ ಮನೆಗೆ ಬಂದಾಗ ಅವನ ತಮ್ಮ ಮುರಿಗೆಪ್ಪನ ಊಟದ ಎಲೆಯಲ್ಲಿ ಅರ್ಧ ಅನ್ನ ಹಾಗೇ ಇತ್ತು. ತಮ್ಮನಿರಲಿಲ್ಲ. ತಾವೇನೂ ನೋಡಿಲ್ಲ ಎಂದು ಪಕ್ಕದ ಮನೆಯವರು ಹೇಳಿದರು. ಅವನು ಕೇಳುವ ಮೊದಲೇ ಹೇಳಿದರು. ಮುರಿಗೆಪ್ಪನಿಗೆ ಉಬ್ಬಸ. ಹೊತ್ತಿಗೆ ಸರಿಯಾಗಿ ಕಷಾಯ ಕುಡಿಯದಿದ್ದರೆ ಉಸಿರು ಕಟ್ಟುತ್ತಿತ್ತು. ವರ್ತಕ ಕಷಾಯದ ಗಿಂಡಿ ಹಿಡಿದು ಚಾವಡಿಗೆ ಓಡಿದ.

ಕೊತ್ವಾಲ ಎದ್ದು ನಿಂತು ಕೈಮುಗಿದ, ಚಾಪೆ ಹಾಸಿದ, ಕುಡಿಯಲು ಮಜ್ಜಿಗೆ ಕೊಟ್ಟ. ಮುರಿಗೆಪ್ಪ ಎಂಬವರು ಇಲ್ಲಿ ಯಾರೂ ಇಲ್ಲ ಎಂದ. ಅಷ್ಟರಲ್ಲಿ ಒಳಗಿನಿಂದ ಕೆಮ್ಮು ಕೇಳಿಸಿತು. ಅದು ವರ್ತಕ ಚಿಕ್ಕಂದಿನಿಂದ ಕೇಳುತ್ತ ಬಂದ ಕೆಮ್ಮು.

“ಹಾಗಾದರೆ ಒಳಗಿರುವುದು ಯಾರಪ್ಪ?” ಎಂದು ವರ್ತಕ ಕೇಳಿದ.

“ನಾನು ಯಾರ ಹೆಸರನ್ನೂ ಕೂಗಿಲ್ಲವಲ್ಲ, ಯಜಮಾನರೇ. ಹೆಸರು ಕೂಗದೆ ತಂದವನನ್ನು ಯಾರೆಂದು ಹೇಳಲಿ?” ಎಂದ ಕೊತ್ವಾಲ, ಸ್ವಲ್ಪವೂ ಬೇಸರಿಸದೆ.

ವರ್ತಕ ಬೀದಿಗೆ ಬಂದು ಗಂಟಲು ಹರಿಯುವಂತೆ ತಮ್ಮನ ಹೆಸರು ಕೂಗಿದ. ಹಾಡಹಗಲಿನಲ್ಲೇ ಬೀದಿಯುದ್ದಕ್ಕೂ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಅಗುಳಿ ಹಾಕುವ ಸದ್ದು ಮಾತ್ರ ಕೇಳಿಸಿತು. ಅವನು ಚಾವಡಿಯ ಕಡೆ ತಿರುಗಿ ಕಿವಿಗೊಟ್ಟು ನಿಂತ. ಒಳಗಿನ ಕೆಮ್ಮು ನಿಂತುಹೋಗಿತ್ತು.

ಗುರುಗಳು ಕತೆ ನಿಲ್ಲಿಸಿದರು. ಅಷ್ಟು ಕೆಟ್ಟ ಮನುಷ್ಯನೇ ಆ ಕೊತ್ವಾಲ ಎಂದು ಶಿಷ್ಯ ಮೆಲ್ಲಗೆ ಕೇಳಿದ.

“ಅವನು ಕೆಟ್ಟವನಾಗಿದ್ದಿದ್ದರೆ ಊರಿನವರು ಆ ಕೂಗನ್ನು ಬಿಟ್ಟುಕೊಡುತ್ತಲೇ ಇರಲಿಲ್ಲ, ಮಗು” ಎಂದರು ಗುರುಗಳು.