ಬಿತ್ತ ತಿಂದೋನ ದಿಣ್ಣೆ

ಹುಲ್ಲೇನಹಳ್ಳಿ ಗೇಟಿನಲ್ಲಿ ಬಸ್ಸಿಳಿದರೆ ಎಡಕ್ಕೆ ಒಂದು ಕೆಮ್ಮಣ್ಣಿನ ದಿಣ್ಣೆ, ಅದರ ನೆತ್ತಿಯ ಮೇಲೆ ಆಳೆತ್ತರದ ಕಲ್ಲು. ಹೊಲದ ಒಡೆಯರು 'ಚಿಕ್ಕತಾಯಮ್ಮನವರ ದಿಣ್ಣೆ' ಎಂದು ಮೂರು ಸಲ ಬೋರ್ಡು ಬರೆಸಿ ನೆಟ್ಟರು, ಪಾಪ. ಕಂಡಕ್ಟರು ಇಂದಿಗೂ ಕೂಗುವುದು "ಬಿತ್ತ ತಿಂದೋನ ದಿಣ್ಣೆ, ಇಳೀರಿ ಇಳೀರಿ" ಎಂದೇ. ಬೋರ್ಡಿಗೆ ಬಣ್ಣ ಬಳಿದರೆ ಊರ ಬಾಯಿಗೂ ಬಳಿದಂತಾಗುತ್ತದೆಯೇ?

ಹಿಂದೆ ಒಮ್ಮೆ ಈ ಹೊಲ ಚಿಕ್ಕತಾಯಮ್ಮನ ಕೈಯಲ್ಲಿತ್ತು. ಮದುವೆಯಾಗಿ ವರ್ಷ ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಕಲ್ಲುಮುಳ್ಳಿನ ದಿಣ್ಣೆಯನ್ನು ಹಸನು ಮಾಡಿ, ಮಳೆ ಕೈಕೊಟ್ಟರೂ ಕೈಬಿಡದ ಕರಿತೆನೆ ರಾಗಿ ಬೆಳೆದಳು. ಕೊಯ್ಲಿನಲ್ಲಿ ತುಂಬು ತೆನೆಗಳನ್ನು ತಾನೇ ಆರಿಸಿ, ಉದುರಿಸಿದ ಕಾಳಿಗೆ ಒಲೆಯ ಬೂದಿ ಬೆರೆಸಿ, ಮುಂದಿನ ಬಿತ್ತನೆಗೆಂದು ದೊಡ್ಡ ಮಣ್ಣಿನ ವಾಡೆಗೆ ತುಂಬಿ, ಬಾಯಿಗೆ ಸಗಣಿ ಮೆತ್ತುವಳು. ಮುಂಗಾರು ಬಿದ್ದ ದಿನ ಮಾತ್ರ ಅದು ತೆರೆಯುವುದು. ಅಂದು ಮಡಿಲೊಡ್ಡಿ ಬಂದ ಯಾರಿಗೂ ಅವಳು ಇಲ್ಲವೆಂದವಳಲ್ಲ ಎನ್ನುತ್ತಾರೆ. ತಮ್ಮನ ಮಗ ಮರಿಸಿದ್ದೇಗೌಡನ ಹೆಂಡತಿ ದೇವೀರಮ್ಮನಿಗಂತೂ ಅವಳು ಹೆತ್ತ ತಾಯಿಗಿಂತ ಹೆಚ್ಚು. ಸಾಯುವಾಗ ಮುದುಕಿ ಅವಳ ಕೈ ಹಿಡಿದು, "ಹೊಲ ಗಂಡಸರದ್ದು ಕಣವ್ವ, ವಾಡೆ ನಿಂದು" ಎಂದಳಂತೆ.

ಮರಿಸಿದ್ದೇಗೌಡನೋ, ಅತ್ತೆ ಬದುಕಿದ್ದಾಗ ಒಂದು ಹರಕು ಕಂಬಳಿ ಹೊದಿಸದವನು, ಸತ್ತ ಮೇಲೆ ಏಳೂರಿಗೆ ತಿಥಿಯೂಟ ಹೇಳಿದ! ಮೂರನೆಯ ಪಂಕ್ತಿ ಕೂರುವಷ್ಟರಲ್ಲಿ ಹಿಟ್ಟು ಮುಗಿಯಿತು. ಗೌಡ ಒನಕೆ ಹಿಡಿದು ವಾಡೆಯ ಕಡೆ ನಡೆದ. ದೇವೀರಮ್ಮ ಅಡ್ಡ ನಿಂತಳು.

"ಇದು ಅತ್ತೆಮ್ಮನ ಬಿತ್ತ. ಮುಟ್ಟಬ್ಯಾಡಿ."

"ಸುಮ್ಕಿರು. ಗೌಡನ ಮನೇಲಿ ಮುದ್ದೆ ಕಮ್ಮಿ ಆಯ್ತು ಅಂದ್ರೆ ಈ ಮೀಸೆ ಇಟ್ಕೊಂಡು ನಾನೆಲ್ಲೋಗ್ಲಿ?"

ಒಂದೇ ಏಟಿಗೆ ವಾಡೆ ಹೋಳಾಯಿತು. ಆತುರದಲ್ಲಿ ಕೇರಲಿಲ್ಲ, ತೊಳೆಯಲಿಲ್ಲ. ಬೂದಿ ಸಮೇತ ಬೀಸಿ, ಮುದ್ದೆ ಕಟ್ಟಿ ಬಡಿಸಿಯೇಬಿಟ್ಟರು. ಪಂಕ್ತಿಯುದ್ದಕ್ಕೂ ಹಲ್ಲುಗಳು ಕರಕರ ಎಂದವು. ಪಕ್ಕದೂರಿನ ಮುದುಕನೊಬ್ಬ ಥೂ ಎಂದು ಉಗಿದು, "ಏನಪ್ಪಾ ಗೌಡ, ನಿಮ್ಮತ್ತೇನ ಹೂತಿದ್ದೀಯೋ, ಸುಟ್ಟು ಮುದ್ದೇಗೆ ಹಾಕಿದ್ದೀಯೋ?" ಎಂದ. ಏಳೂರು ಬಿದ್ದು ಬಿದ್ದು ನಕ್ಕಿತು. ಒಳಗೆ ದೇವೀರಮ್ಮ ಹೋಳುಗಳ ನಡುವೆ ಕುಳಿತು ಒಂದೊಂದೇ ಕಾಳು ಹುಡುಕುತ್ತಿದ್ದಳು. ಅಂಗೈ ಕೂಡ ತುಂಬಲಿಲ್ಲ.

ಮುಂಗಾರು ಬಿತ್ತು. ವರ್ಷವರ್ಷವೂ ಆ ಒಂದು ವಾಡೆಯನ್ನೇ ನಂಬಿದ್ದ ಊರಿನಲ್ಲಿ ಯಾರ ಮನೆಯಲ್ಲೂ ಬಿತ್ತವಿಲ್ಲ. ಇದ್ದದ್ದು ಆ ವಾಡೆ ಮಾಡಿಕೊಟ್ಟು, ಅದರ ಬೆಲೆಗೆ ಚಿಕ್ಕತಾಯಮ್ಮನಿಂದ ಅದೇ ಕರಿತೆನೆಯ ಬಿತ್ತ ಪಡೆದಿದ್ದ ಕುಂಬಾರಗಿತ್ತಿ ಸಣ್ಣಮ್ಮನ ಹತ್ತಿರ ಮಾತ್ರ. ತಿಥಿಗೆ ಮಡಕೆ ತರಿಸಿಕೊಂಡು, ಉಂಡು ಹೋಗು ಎನ್ನದೆ ಗೌಡ ಹಿಂದಕ್ಕೆ ಕಳಿಸಿದ್ದು ಇವಳನ್ನೇ. ಈ ಸೀಮೆಯಲ್ಲಿ ಬಿತ್ತವನ್ನು ಹೊಲದ ಯಜಮಾನನೇ ಮಡಿಲೊಡ್ಡಿ ಬೇಡಬೇಕು. ಆಳು ಕಳಿಸಿ ತರಿಸಿದ್ದು ಮೊಳೆಯುವುದಿಲ್ಲ ಎನ್ನುತ್ತಾರೆ. "ಕುಂಬಾರಗಿತ್ತಿ ಮುಂದೆ ಪಂಚೆ ಒಡ್ಡೋದಾ ನಾನು?" ಎಂದ ಗೌಡ ಜಗಲಿ ಬಿಟ್ಟು ಅಲ್ಲಾಡಲಿಲ್ಲ. ಈ ಮಳೆ ತಪ್ಪಿದರೆ ಅತ್ತೆಮ್ಮನ ರಾಗಿ ಈ ಮಣ್ಣಿನಲ್ಲಿ ಮತ್ತೆ ಏಳುವುದಿಲ್ಲವೆಂದು ದೇವೀರಮ್ಮನಿಗೆ ಗೊತ್ತು. ಅವಳೇ ಹೋಗಿ ಸೆರಗೊಡ್ಡಿದಳು.

"ಯಜಮಾನ ಎಲ್ಲವ್ವ?"

"ಮೀಸೆ ಕಾಯ್ತಾ ಕೂತವ್ರೆ. ವಾಡೆಗೆ ನಾನೇ ಯಜಮಾನಿ ಕಣಕ್ಕ, ಅತ್ತೆಮ್ಮನೇ ಹೇಳವ್ರೆ."

ಸಣ್ಣಮ್ಮ ಅವಳ ಮುಖವನ್ನೇ ನೋಡಿದಳು. "ನಾ ಸುಟ್ಟ ವಾಡೆ ಒಡ್ದೋನಿಗೆ ಒಂದು ಕಾಳೂ ಇಲ್ಲ. ನೀನು ಮಡಿಲು ಹಿಡಿ."

ದೇವೀರಮ್ಮ ತಾನೇ ಕೂರಿಗೆಯ ಹಿಂದೆ ನಡೆದು ಬಿತ್ತಿದಳು. ಸುಗ್ಗಿಗೆ ದಿಣ್ಣೆಯ ತುಂಬ ಕರಿತೆನೆ ತೂಗಿತು. ಗೌಡ ಮಾತ್ರ ಹೋದ ಮಾನಕ್ಕೆ ತೇಪೆ ಹಾಕಲು ಅತ್ತೆಯ ಹೆಸರಿನಲ್ಲಿ ಕಲ್ಲು ಕೆತ್ತಿಸಿ ನಿಲ್ಲಿಸಿದ. ಅತ್ತೆ ಗೇಣುದ್ದ, ಪಕ್ಕದಲ್ಲಿ ತಾನು ಆಳುದ್ದ! ಅಷ್ಟು ಹೊತ್ತಿಗೆ ದಿಣ್ಣೆಗೆ ಊರೇ ಹೆಸರಿಟ್ಟಾಗಿತ್ತು.

ಈಗಲೂ ಹೋದವರು ಆ ಕಲ್ಲನ್ನು ನೋಡಬಹುದು. ಬಿತ್ತನೆಯ ದಿನ ಆ ಮನೆಯ ಸೊಸೆಯಂದಿರು, ವಾಡೆ ತುಂಬಿದ್ದರೂ, ಬರಿ ಮಡಿಲಲ್ಲಿ ಕುಂಬಾರರ ಮನೆಗೆ ಹೋಗಿ ಒಂದು ಹಿಡಿ ಬೇಡಿ ತರುತ್ತಾರೆ. ಅದರಲ್ಲಿ ನಾಲ್ಕು ಕಾಳನ್ನು ಕಲ್ಲಿನ ಮೇಲಿನ ಚಿಕ್ಕತಾಯಮ್ಮನ ಮಡಿಲಿಗೆ ಇಡುತ್ತಾರೆ. ಇಟ್ಟೂ ಇಟ್ಟೂ ಅಲ್ಲೊಂದು ಕುಳಿಯೇ ಆಗಿದೆ. ಗೌಡನ ಮೀಸೆ ಸವೆದು ನುಣ್ಣಗಾಗಿದೆ. ಅದಕ್ಕೆ ಬೆನ್ನುಜ್ಜುವುದು ಎಮ್ಮೆಗಳು.