ಕಣವಿಹಾಳದ ಹಲ್ಲವ್ವನ ಮಟ್ಟಿ

ಗದಗಿನಿಂದ ಕಪ್ಪತಗುಡ್ಡದ ಕಡೆಗೆ ಹೊರಟವರಿಗೆ ಕಣವಿಹಾಳ ದಾಟಿದ ಕೂಡಲೇ ಎಡಗಡೆ ಎರೆಹೊಲಗಳ ನಡುವೆ ಒಂದು ಮಟ್ಟಿ ಕಾಣುತ್ತದೆ. ಗುಡ್ಡವೆನ್ನಲು ಅದಕ್ಕೆ ಎತ್ತರ ಸಾಲದು, ಒಡ್ಡು ಎಂದರೆ ಊರವರಿಗೆ ಸಿಟ್ಟು ಬರುತ್ತದೆ. ಅದರ ನೆತ್ತಿಯ ಮೇಲೆ ತಗಡಿನ ಮಾಡು, ಮಾಡಿನ ಕೆಳಗೆ ನುಣ್ಣನೆಯ ಚಪ್ಪಡಿಗಳ ಕಟ್ಟೆ. ಕಟ್ಟೆಯ ಮೇಲೆ ಎಣ್ಣೆ ಕುಡಿದು ಕುಡಿದು ಕರ್ರಗಾದ ಒಂದು ಕಬ್ಬಿಣದ ಉರುಳೆ ಇದೆ. ಅದರ ಮೈತುಂಬ ಗರಗಸದಂಥ ಹಲ್ಲು. ಅದಕ್ಕೆ ಹಸಿರು ಸೀರೆ ಸುತ್ತಿ, ಬೆಳ್ಳಿ ಕಣ್ಣು ಅಂಟಿಸಿ, ಮೂಗುತಿ ಇಟ್ಟಿದ್ದಾರೆ. ಮೂಗೇ ಇಲ್ಲದ ದೇವಿಗೆ ಮೂಗುತಿ ಎಲ್ಲಿ ನಿಂತಿತು ಎಂದು ಕೇಳಿದವರಿಲ್ಲ. ಹಲ್ಲುನೋವಿನವರು ದವಡೆಗೆ ಬಟ್ಟೆ ಕಟ್ಟಿಕೊಂಡು ಬಂದು ಲವಂಗ ಏರಿಸುತ್ತಾರೆ. ಪೂಜಾರಿ ಅವರಿಗೆಲ್ಲ ಇದು ಉದ್ಭವಮೂರ್ತಿ ಎನ್ನುತ್ತಾನೆ. ಉದ್ಭವವಾದದ್ದೇನೋ ಖರೆ, ಆದರೆ ಭೂಮಿಯಿಂದಲ್ಲ, ಹಡಗಿನಿಂದ.

ಹಿಂದೆ ಒಮ್ಮೆ, ರಾಜ್ಯವು ಕುಂಪಣಿಯ ಕೈಯಿಂದ ರಾಣಿಯ ಕೈಗೆ ದಾಟಿ ಸ್ವಲ್ಪ ಕಾಲವಾಗಿದ್ದಾಗ, ಈ ಊರಿನ ಗೌಡಕಿ ಅಂದಾನಗೌಡನೆಂಬುವನದಾಗಿತ್ತು ಎನ್ನುತ್ತಾರೆ. ಆಳು ನೋಡಲು ಭರ್ಜರಿ, ಮೀಸೆಗೆ ಬೆಣ್ಣೆ ತಿಕ್ಕುವುದರಲ್ಲೇ ಅರ್ಧ ಮುಂಜಾನೆ ಕಳೆಯುವವ. ಅವನಿಗಿದ್ದದ್ದು ಒಂದೇ ಭಯ, ದಾಯಾದಿ ಮುದುಕನಗೌಡನದು. ಮುದುಕನಗೌಡ ಮಾತು ಕಡಿಮೆ, ಕಾಯುವುದು ಹೆಚ್ಚು. ಬೆಕ್ಕು ಹಾಲಿನ ಗಡಿಗೆಯ ಬಳಿ ಕೂತಂತೆ ಅಣ್ಣನ ಗೌಡಕಿಯ ಬಳಿ ಕೂತಿದ್ದ. ಗೌಡಕಿ ಹೋದರೆ ತನ್ನಲ್ಲಿ ಮೀಸೆಯ ಹೊರತು ಬೇರೇನೂ ಉಳಿಯುವುದಿಲ್ಲವೆಂಬುದು ಅಂದಾನಗೌಡನಿಗೆ ತಿಳಿದಿತ್ತು. ಅಷ್ಟು ಬುದ್ಧಿಯನ್ನಾದರೂ ದೇವರು ಕೊಟ್ಟಿದ್ದ. ಆದ್ದರಿಂದ ಬಿಳಿಯ ಸಾಹೇಬರು ಯಾರೇ ಬರಲಿ, ಅವರ ಕುದುರೆಯ ಲದ್ದಿಗೂ ಕೈಮುಗಿಯುವುದನ್ನು ರೂಢಿಸಿಕೊಂಡಿದ್ದ.

ಅಂಥ ಗೌಡನ ಮನೆಗೆ ತೋಬಿಯಾಸನೆಂಬ ಅಮೆರಿಕದವನೊಬ್ಬ ಬಂದು ಸೇರಿದ. ತಮ್ಮ ದೇಶದ ಹತ್ತಿಯನ್ನು ಇಲ್ಲಿಯ ರೈತರಿಗೆ ಬೆಳೆಯಲು ಕಲಿಸಲೆಂದು ಕುಂಪಣಿಯವರು ಹಿಂದೆ ಕರೆಸಿದ್ದವರಲ್ಲಿ ಅವನೂ ಒಬ್ಬ. ಉಳಿದವರು ಬಿಸಿಲಿಗೆ ಹೆದರಿ ಊರಿಗೆ ಮರಳಿದರು. ಇವನಿಗೆ ಅಲ್ಲಿ ಕಾಯುವವರಿರಲಿಲ್ಲವೋ ಸಾಲಗಾರರು ಮಾತ್ರ ಕಾಯುತ್ತಿದ್ದರೋ, ಇಲ್ಲೇ ಉಳಿದ. ಸಂಜೆ ಗೌಡನ ಕಟ್ಟೆಯ ಮೇಲೆ ಕುಳಿತು ಹರಕು ಕನ್ನಡದಲ್ಲಿ ತನ್ನ ನಾಡಿನ ಪುರಾಣ ಬಿಚ್ಚುತ್ತಿದ್ದ. ಆ ನಾಡಿನ ಹಿರಿಯರು, ತಮ್ಮ ದೇವರನ್ನು ತಮಗೆ ಬೇಕಾದಂತೆ ಪೂಜಿಸಲು ವಿಲಾಯಿತಿಯ ರಾಜ ಬಿಡಲಿಲ್ಲವೆಂದು ಹಡಗು ಹತ್ತಿ ಬಂದರಂತೆ. ಮೊದಲ ಚಳಿಗಾಲಕ್ಕೆ ಅರ್ಧ ಜನ ಸತ್ತರು. ಉಳಿದವರಿಗೆ ಆ ನೆಲದ ಮೂಲದ ಜನ ಗೋವಿನಜೋಳ ಬಿತ್ತುವುದನ್ನು ಕಲಿಸಿ ಬದುಕಿಸಿದರು. ಉಂಡವರು ಕೈ ತೊಳೆದು ಎದ್ದು ಉಣಿಸಿದವರನ್ನೇ ಪಡುವಣಕ್ಕೆ ಅಟ್ಟಿದರು. ಮುಂದೆ ರಾಜ ಚಹಾದ ಮೇಲೆ ಸುಂಕ ಹಾಕಿದನೆಂದು ಚಹಾವನ್ನು ಪೆಟ್ಟಿಗೆಸಮೇತ ಸಮುದ್ರಕ್ಕೆ ಎಸೆದು, ಮನುಷ್ಯರೆಲ್ಲ ಹುಟ್ಟಿನಿಂದ ಸರಿಸಮಾನರೆಂದು ಕಾಗದದ ಮೇಲೆ ಬರೆದು, ಕಾದಾಡಿ ರಾಜನನ್ನು ಓಡಿಸಿದರು. ಆ ಕಾಗದ ಬರೆದವರ ಹೊಲಗಳಲ್ಲೇ ಕೊಂಡು ತಂದ ಕರಿಯ ಜನ ಬಾರುಕೋಲಿನ ಕೆಳಗೆ ದುಡಿಯುತ್ತಿದ್ದರು. ಆಮೇಲೆ ಹತ್ತಿ ಅರೆದು ಕಾಳು ಬೇರೆ ಮಾಡುವ ಹಲ್ಲಿನ ಯಂತ್ರ ಬಂತು. ಯಂತ್ರದಿಂದ ಹತ್ತಿ ಹೆಚ್ಚಿತು, ಹತ್ತಿ ಹೆಚ್ಚಿದಷ್ಟೂ ಕೊಂಡು ತಂದವರು ಹೆಚ್ಚಿದರು. ತಮ್ಮ ಮನೆಯಲ್ಲಿ ಅಂಥ ಯಂತ್ರವನ್ನು ಅಂಥವರೇ ತಿರುಗಿಸುತ್ತಿದ್ದರೆಂದೂ, ನಿಂತರೆ ಬಾರುಕೋಲು ಬೀಸುವುದು ಬಾಲ್ಯದಿಂದಲೇ ತನಗೆ ಅಭ್ಯಾಸವೆಂದೂ ಸಾಹೇಬ ಕೈ ಬೀಸಿ ತೋರಿಸಿದಾಗ ಅಂದಾನಗೌಡ ಹೊಟ್ಟೆ ಹಿಡಿದುಕೊಂಡು ನಕ್ಕ. ಕಟ್ಟೆಯ ಕೆಳಗೆ ಕೂತಿದ್ದ ಗಂಡಸರು ನಗಲಿಲ್ಲ.

ಅಲ್ಲಿ ಹತ್ತಿ ಹಸನು ಮಾಡುತ್ತ ಕೂತಿದ್ದವಳು ಸಕ್ರವ್ವ, ಊರಿನ ಹತ್ತಿ ಅರೆಯುವ ಹೆಂಗಸರ ಹಿರಿಯಳು. "ರಾಜನ್ನ ಓಡಿಸಿದ ಮಂದಿ ನೀವು," ಎಂದಳು. "ಮತ್ತ ಅದ ರಾಜನ ಮನಿ ಪಗಾರಕ್ಕ ಇಲ್ಲೀತನಕ ಯಾಕ ಬಂದ್ರಿ ಸಾಹೇಬರ?"

"ನೀ ಬಾಯಿ ಮುಚ್ಚಿ ಕಾಳು ಆರಿಸು," ಎಂದ ಗೌಡ.

"ಕಾಳು ಆರಸೂದು ಕೈರಿ ಗೌಡ್ರ. ಬಾಯಿ ಖಾಲಿ ಐತಿ."

ಆ ಕಾಲಕ್ಕೆ ಅಮೆರಿಕದಲ್ಲಿ ಅಣ್ಣತಮ್ಮಂದಿರೇ ಬಡಿದಾಡಲು ತೊಡಗಿದರು. ಬಡಗಣದವರಿಗೆ ಗಿರಣಿ, ತೆಂಕಣದವರಿಗೆ ಹತ್ತಿ. ತೊತ್ತುಗಳನ್ನು ಬಿಡಬೇಕೋ ಇಟ್ಟುಕೊಳ್ಳಬೇಕೋ ಎಂದು ಹತ್ತಿಕೊಂಡ ಜಗಳ ತೋಪಿನ ಬಾಯಿಗೆ ಬಂತು. ಆ ಹತ್ತಿ ವಿಲಾಯಿತಿಗೆ ಬರುವುದು ನಿಂತು, ಅಲ್ಲಿಯ ಗಿರಣಿಗಳು ಬಾಯಿ ತೆರೆದು ಕೂತವು. ನಿನ್ನೆಯವರೆಗೆ ಕಣವಿಹಾಳ ಎಲ್ಲಿದೆಯೆಂದು ಕೇಳದ ಸರ್ಕಾರದ ಸಾಹೇಬರು ಕುದುರೆ ಓಡಿಸಿಕೊಂಡು ಬಂದು ಹತ್ತಿ ಹತ್ತಿ ಎಂದರು. ಊರ ಅರಳೆಯನ್ನೆಲ್ಲ ಒಂದೇ ಸುಗ್ಗಿಯಲ್ಲಿ ಯಂತ್ರದಿಂದ ತೆಗೆದುಕೊಡುತ್ತೇನೆಂದು ಅಂದಾನಗೌಡ ಎದೆ ಉಬ್ಬಿಸಿದ. ಹೇಳಿದ ದಿನಕ್ಕೆ ಗಾಡಿಗಳು ಕುಮಟಾ ಬಂದರಿನ ದಾರಿ ಹಿಡಿಯದಿದ್ದರೆ ಗೌಡಕಿ ಮುದುಕನಗೌಡನಿಗೆ ಎಂದು ದೊಡ್ಡ ಸಾಹೇಬ ಎಲ್ಲರ ಎದುರಿಗೇ ಹೇಳಿ ಹೋದ. ಮುದುಕನಗೌಡ ಅಂದು ಹೋಳಿಗೆ ಮಾಡಿಸಿ ಉಂಡ ಎನ್ನುತ್ತಾರೆ.

ಸಾಹೇಬ ತರಿಸಿದ ಯಂತ್ರ ಹಡಗು ಇಳಿದು ಗಾಡಿಯ ಮೇಲೆ ಬಂತು. ಎರೆಮಣ್ಣಿನಲ್ಲಿ ಹೂತುಹೋಗದಂತೆ ಅದಕ್ಕೆ ಮಟ್ಟಿಯ ಮೇಲೆ ಗಟ್ಟಿ ಕಟ್ಟೆ ಬೇಕಾಯಿತು. ಗೌಡ ಕಲ್ಲಿಗಾಗಿ ದೂರ ಹೋಗಲಿಲ್ಲ. ಹೆಂಗಸರು ಮನೆಯಲ್ಲಿ ಒಂದು ಚಪ್ಪಟೆ ಕಲ್ಲಿನ ಮೇಲೆ ಕಬ್ಬಿಣದ ಸಲಾಕೆಯನ್ನು ಕಾಲಿನಿಂದ ಉರುಳಿಸಿ ಹತ್ತಿ ಅರೆಯುವ ಕಾಲ ಅದು. ಬೇರೆಯಾದ ಕಾಳೇ ಅವರ ಕೂಲಿ, ಅದನ್ನು ತಿಂದೇ ಅವರ ಎಮ್ಮೆಗಳು ಹಾಲು ಕೊಡುತ್ತಿದ್ದವು. ಇನ್ನು ಯಂತ್ರವಿರುವಾಗ ನಿಮಗೇಕೆ ಇದೆಂದು ಗೌಡ ಆಳುಗಳನ್ನು ಕಳಿಸಿ ಆ ಕಲ್ಲುಗಳನ್ನೆಲ್ಲ ಕೀಳಿಸಿ ತಂದು ಕಟ್ಟೆಗೆ ಹಾಸಿದ. ಕೆಲವೇ ದಿನದಲ್ಲಿ ಎಮ್ಮೆಗಳ ಕೆಚ್ಚಲು ಬತ್ತಿತು. ಹೆಂಗಸರು ನೀರಿಗೆ ಹೋಗುವಾಗ ಯಂತ್ರವನ್ನು ನೋಡಿ "ಹಲ್ಲವ್ವ ಕುಂತಾಳ ನೋಡು, ಎಲ್ಲಾರ ಕೂಳು ತಿಂದು" ಎಂದು ಉಗಿದು ಹೋಗುತ್ತಿದ್ದರು. ಹೆಸರು ಮೊದಲು ಹುಟ್ಟಿದ್ದು ಉಗುಳಿನಲ್ಲಿ, ಭಕ್ತಿ ಆಮೇಲಿನದು.

ಯಂತ್ರವೇನೋ ತಿರುಗಿತು, ಎತ್ತುಗಳನ್ನು ಕಟ್ಟಿದ ತೊಲೆ ಸುತ್ತಿದ ಹಾಗೆ ಹತ್ತಿ ಉಗುಳಿತು. ಆದರೆ ಗಾಡಿ ಹೊರಡುವ ದಿನ ಹತ್ತಿರ ಬಂದಾಗ ಹಲ್ಲು ಮೊಂಡಾಗಿ ಕಮ್ಮಾರನ ಕುಲುಮೆ ಸೇರಿತು. ಅದು ಸಾಣೆಯಾಗಿ ಬರುವಷ್ಟರಲ್ಲಿ ರವಿವಾರ ಮುಗಿದಿತ್ತು, ಮಂಗಳವಾರ ಬೆಳಗಿಗೆ ಗಾಡಿ ತುಂಬಬೇಕು, ಹತ್ತಿ ಇನ್ನೂ ಗುಡ್ಡೆ ಬಿದ್ದಿತ್ತು. ನಡುವೆ ಉಳಿದದ್ದು ಸೋಮವಾರ. ಈ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಇಟ್ಟವನ ಮನೆಗೆ ಬೆಂಕಿ ಕೊಡುವವರಿಲ್ಲ, ಹೆಣಕ್ಕೆ ಹೆಗಲು ಕೊಡುವವರಿಲ್ಲ. ಸಾಹೇಬನಿಗೆ ಇದು ತಲೆಗೆ ಹೋಗಲಿಲ್ಲ, ಎತ್ತಿಗೂ ರವಿವಾರ ಬಿಡುವು ಕೊಟ್ಟೆನಲ್ಲ ಎಂದ. ಗೌಡ ಊರ ಗಂಡಸರನ್ನು ಕರೆದ. "ಅದನ್ನ ತಿರುವೋರು ಯಾರಂತ ಸಾಹೇಬರು ಹೇಳ್ಯಾರಲ್ರಿ, ನೀವೂ ನಕ್ಕೀರಿ," ಎಂದು ಅವರು ಮನೆಗೆ ನಡೆದರು. ಕಡೆಗೆ ಮೀಸೆ ಇಳಿಬಿಟ್ಟುಕೊಂಡು ಸಕ್ರವ್ವನ ಅಂಗಳಕ್ಕೂ ಹೋದ.

"ಅರದು ಕೊಡ್ರಿ ತಂಗಿ, ಊರ ಮರ್ಯಾದಿ ಐತಿ," ಎಂದ.

"ಕಲ್ಲು ನಮ್ಮವು, ಮ್ಯಾಲ ಕುಂತಾಕಿ ನಿಮ್ಮಾಕಿ," ಎಂದಳು ಆಕೆ. "ಆಕಿನ್ನ ಎಬ್ಬಸ್ರಿ, ಅರೀತೀವಿ. ಊರ ಮರ್ಯಾದಿ ಅಂದ್ರಿ ನೋಡ್ರಿ, ಅದು ನಿಮ್ಮ ಗೌಡಕಿ ಹೆಸರಲ್ಲ?"

ಹೀಗೆ ಎತ್ತು ಇಲ್ಲ, ಆಳು ಇಲ್ಲ, ಹೆಂಗಸರಿಲ್ಲ. ಗೌಡಕಿ ಮಾತ್ರ ಬೇಕು. ಸೋಮವಾರ ಹೊತ್ತು ಏರುವ ಮೊದಲು ಅಂದಾನಗೌಡ ರುಮಾಲು ಬಿಚ್ಚಿಟ್ಟು, ಅಂಗಿ ಕಳಚಿ, ಎತ್ತಿನ ಜಾಗದಲ್ಲಿ ನಿಂತು ತೊಲೆಗೆ ತಾನೇ ಎದೆ ಕೊಟ್ಟ. ಬೆಣ್ಣೆ ಉಂಡು ಬೆಳೆಸಿದ ಮೈ, ನಾಲ್ಕು ಸುತ್ತಿಗೆ ತೇಕು ಹತ್ತಿತು. ಸಾಹೇಬ ಒಂದು ಕೈಯಿಂದ ಹತ್ತಿ ಉಣಿಸುತ್ತಿದ್ದ, ಇನ್ನೊಂದು ಕೈಯಲ್ಲಿ ಎತ್ತಿನ ಬಾರುಕೋಲು ಸುಮ್ಮನೆ ಇತ್ತು. ಸುದ್ದಿ ಹಬ್ಬಿ ಊರೆಲ್ಲ ಮಟ್ಟಿಯ ಸುತ್ತ ನೆರೆಯಿತು, ಮುದುಕನಗೌಡ ಎಲ್ಲರಿಗಿಂತ ಮುಂದೆ. ಬಿಸಿಲು ನೆತ್ತಿಗೇರಿದಾಗ ಗೌಡನ ಕಾಲು ನಿಂತಿತು. ಸಾಹೇಬನ ಕಣ್ಣು ಹತ್ತಿಯ ಮೇಲಿತ್ತು. ತೊಲೆ ನಿಂತದ್ದು ಕಿವಿಗೆ ಬಿದ್ದದ್ದೇ ಕೈ ತಾನಾಗಿ ಎದ್ದು ಬೀಸಿತು. ಬಾರು ಗೌಡನ ಬೆನ್ನಿನ ಮೇಲೆ ಚಟ್ಟೆಂದು ಬಿತ್ತು. ಹೊಡೆಯಬೇಕೆಂದು ಹೊಡೆದದ್ದಲ್ಲ ಎಂದು ಸಾಹೇಬನ ಪರವಾಗಿ ಹೇಳುವವರಿದ್ದಾರೆ. ಯೋಚಿಸದೆಯೇ ಕೈ ಅಷ್ಟು ಸಲೀಸಾಗಿ ಏಳಬೇಕಾದರೆ ಅದೆಂಥ ಮನೆಯಲ್ಲಿ ಬೆಳೆದ ಕೈಯೆಂಬುದನ್ನು ಅವರು ಹೇಳುವುದಿಲ್ಲ.

ಗೌಡ ತಿರುಗಿ ಹೊಡೆದರೆ ಇಂದೇ ಗೌಡಕಿ ಹೋಗುತ್ತದೆ. ಹೊಡೆತ ನುಂಗಿ ನಡೆದರೆ ಬಾರಿನ ಪೆಟ್ಟು ತಿಂದವನನ್ನು ನಾಳೆಯಿಂದ ಗೌಡನೆಂದು ಕರೆಯುವವರು ಯಾರು. ಅವನು ಮುದುಕನಗೌಡನ ಮುಖ ನೋಡಿದ. ಅಲ್ಲಿ ಆಗಲೇ ನಗು ಮೂಡುತ್ತಿತ್ತು. ಆಗ ಅಂದಾನಗೌಡ ಹುಟ್ಟಿದ ಮೇಲೆ ಮೊದಲ ಸಲ ತನ್ನ ಸ್ವಂತ ಬುದ್ಧಿ ಬಳಸಿದ. ಕಣ್ಣು ಮೇಲೆ ಮಾಡಿ, ಮೈ ನಡುಗಿಸಿ, ಹಲ್ಲು ಕಡಿದು ಗೊಗ್ಗರು ದನಿಯಲ್ಲಿ, "ನಾ ಹಲ್ಲವ್ವ ಬಂದೀನಿ," ಎಂದ. "ಬಸವನ ದಿನ ಬಸವನ್ನ ಹೂಡಬಾರದಂತ ನನ್ನ ಮಗನ್ನ ಹೂಡೀನಿ. ಹೊಡೀರಿ. ಇದು ನನ್ನ ಸೇವಾ."

ಉಗಿದು ಹೋಗುತ್ತಿದ್ದ ಹೆಂಗಸರೇ ಸೆರಗು ಮುಂದೆ ಮಾಡಿ ಕೈ ಮುಗಿದರು. ಗಂಡಸರು ಚಪ್ಪಲಿ ಬಿಟ್ಟರು. ಹೆದರಿದ ಸಾಹೇಬ ಬಾರುಕೋಲು ಬಿಸಾಡಲು ಹೋದರೆ, ನಿಲ್ಲಿಸಬೇಡಿರೆಂದು ಜನವೇ ಅವನ ಕೈಗೆ ಮತ್ತೆ ಕೊಟ್ಟಿತು. ಹತ್ತಿ ಮುಗಿಯುವವರೆಗೆ ಗೌಡ ಸುತ್ತಿದ, ಸಾಹೇಬ ಬೀಸಿದ. ಎಲ್ಲ ಮುಗಿದಾಗ ಮುದುಕನಗೌಡ ಮುಂದೆ ಬಂದು ಅಡ್ಡಬಿದ್ದ. ನಂಬಿದವನಲ್ಲ ಅವನು, ಬೆಕ್ಕಿಗೆ ಗಡಿಗೆ ಸಿಗದಿದ್ದರೆ ಗಡಿಗೆಯನ್ನು ಉರುಳಿಸುವುದಾದರೂ ಗೊತ್ತು. "ಅವ್ವಾ, ಈ ಸೇವಾ ಈ ಒಂದು ವರ್ಷಕ್ಕ ಅಷ್ಟ ಏನು, ಗೌಡನ ಮನೆತನ ವರ್ಷಾ ವರ್ಷಾ ಮಾಡಬೇಕೇನು?"

ಮುಚ್ಚಿದ ಕಣ್ಣಿನ ಒಳಗೆ ಅಂದಾನಗೌಡ ಏನು ಕಂಡನೋ. ಬೇಡವೆಂದರೆ ದೇವಿ ಸುಳ್ಳಾಗುತ್ತಾಳೆ. "ವರ್ಷಾ," ಎಂದ.

"ಯಾರ ಕೈಲೆ?"

ಗೌಡ ಬಾಯಿ ತೆರೆಯುವ ಮೊದಲೇ ಸಕ್ರವ್ವ, "ನಮ್ಮ ಕಲ್ಲಿನ ಮ್ಯಾಲ ಕುಂತಿ ತಾಯಿ, ನಮ್ಮ ಕೈಲೇ ಆಗಲಿ," ಎಂದು ಸಾಹೇಬನ ಕೈಯಿಂದ ಬಾರುಕೋಲು ತೆಗೆದುಕೊಂಡಳು. ಅಂದು ಸಂಜೆ ಬೆನ್ನಿಗೆ ಅರಿಸಿನ ಹಚ್ಚುತ್ತ ಗೌಡನ ಹೆಂಡತಿ ಗೌಡಶ್ಯಾನಿ, ದೇವಿ ಬಂದದ್ದು ಖರೆಯೇ ಎಂದು ಕೇಳಿದಳಂತೆ. "ಮೆಲ್ಲಕ ಹಚ್ಚು," ಎಂದನಂತೆ ಗೌಡ.

ಗಾಡಿಗಳು ಹೇಳಿದ ದಿನ ಹೊರಟವು, ಗೌಡಕಿ ಉಳಿಯಿತು. ಆದರೆ ಹತ್ತಿ ಕುಮಟಾ ಮುಟ್ಟುವಷ್ಟರಲ್ಲಿ ಅಮೆರಿಕದ ಅಣ್ಣತಮ್ಮಂದಿರ ಜಗಳ ಮುಗಿದು ಬೆಲೆ ನೆಲ ಕಚ್ಚಿತ್ತು. ದೇವಿಯನ್ನು ಮತ್ತೆ ದುಡಿಸಲು ಊರು ಒಪ್ಪಲಿಲ್ಲ. ಹೆಂಗಸರು ಹೊಸ ಕಲ್ಲು ಹಾಕಿಕೊಂಡು ಅರೆಯತೊಡಗಿದರು, ಎಮ್ಮೆಗಳು ಹಾಲಿಗೆ ಬಂದವು. ತನ್ನ ನಾಡಿಗೆ ಮರಳಿದ ತೋಬಿಯಾಸನಿಗೆ ಅಲ್ಲಿ ಹೊಲವೂ ಇಲ್ಲ, ತೊತ್ತುಗಳ ಬಿಡುಗಡೆಯಾಗಿ ಬಾರು ಬೀಸಲು ಬೆನ್ನೂ ಇಲ್ಲ. ಎಲ್ಲೆಲ್ಲೂ ಉಕ್ಕಿನ ಹಳಿ, ಹೊಗೆಯ ಕೊಳವೆ. ಕಡೆಗಾಲಕ್ಕೆ ಗಿರಣಿಯೊಂದರಲ್ಲಿ ಗಂಟೆ ಹೊಡೆದಾಗ ಎದ್ದು ಗಂಟೆ ಹೊಡೆದಾಗ ಕೂತು ಸತ್ತನೆಂದು ಹೇಳುತ್ತಾರೆ.

ಸುಗ್ಗಿಯ ಕೊನೆಯ ಸೋಮವಾರ ಮಟ್ಟಿಗೆ ಹೋದವರು ಇಂದಿಗೂ ಇದನ್ನು ನೋಡಬಹುದು. ಅಂದಾನಗೌಡನ ವಂಶದ ಹಿರಿಯ ಅಂಗಿ ಕಳಚಿ ಹಲ್ಲವ್ವನ ಸುತ್ತ ತಿರುಗುತ್ತಾನೆ, ಸಕ್ರವ್ವನ ವಂಶದ ಹೆಣ್ಣುಮಗಳು ಹಿಂದಿನಿಂದ ಬಾರುಕೋಲು ಬೀಸುತ್ತಾಳೆ. ಆಕೆಯ ಕೈ ಹಗುರವಾಗಿದ್ದ ವರ್ಷ ಮಳೆ ಕಡಿಮೆಯೆಂದು ಜನ ಗೊಣಗುತ್ತಾರೆ. ಪೆಟ್ಟು ತಿಂದವನೇ ಗೌಡನೆಂಬುದು ಈಗ ಊರಿನ ಲೆಕ್ಕ. ಸೇವೆ ಗೌಡನ ಮನೆತನದ್ದೆಂದು ದೇವಿ ಹೇಳಿದ್ದಾಳೆ, ತಾವೂ ಅದೇ ಮನೆತನ, ಆದ್ದರಿಂದ ಆ ಪೆಟ್ಟು ನ್ಯಾಯವಾಗಿ ತಮಗೂ ಸೇರಬೇಕೆಂದು ಮುದುಕನಗೌಡನ ಮರಿಮಕ್ಕಳು ಕೋರ್ಟಿಗೆ ಹೋಗಿದ್ದಾರೆ. ತೀರ್ಪು ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಎರಡೂ ಕಡೆಯವರು ಬೆನ್ನು ತೆರೆದುಕೊಂಡು ಸಾಲಿನಲ್ಲಿ ನಿಂತಿರುತ್ತಾರೆ, ತನಗೆ ಮೊದಲು ಬೀಳಲಿ ಎಂದು ಒಬ್ಬರನ್ನೊಬ್ಬರು ನೂಕುತ್ತ.