ರಂಗಧಾಮನ ಅಡುಗೆಪೆಟ್ಟಿಗೆ

ಕಪಿಲೆಯ ದಂಡೆಯಲ್ಲೊಂದು ಆಶ್ರಮ. ಆಶ್ರಮ ಎಂದರೆ ದೊಡ್ಡದೇನಲ್ಲ. ಎರಡು ಕೋಣೆ, ಒಂದು ಜಗುಲಿ, ಆ ಎಲ್ಲಕ್ಕಿಂತ ದೊಡ್ಡದಾದ ಅಡುಗೆಮನೆ.

ಅಲ್ಲಿನ ಗುರು ಚೆಲುವಮ್ಮಣ್ಣಿ. ಎಲ್ಲರೂ ಅಮ್ಮಣ್ಣಿ ಎನ್ನುತ್ತಿದ್ದರು. ಆಶ್ರಮ ಅವರದು, ಅಡುಗೆಮನೆ ಮಾತ್ರ ಶಿಷ್ಯ ರಂಗಧಾಮನದು.

ರಂಗಧಾಮ ಎಳೆಯ ವಯಸ್ಸಿನಲ್ಲಿ ಸತ್ಯ ಎಂದರೇನು ಎಂದು ಕೇಳಿಕೊಂಡು ಬಂದಿದ್ದ. "ಮೊದಲು ಆ ಬೇಳೆ ಆರಿಸು" ಎಂದಿದ್ದರು ಅಮ್ಮಣ್ಣಿ. ಆರಿಸುತ್ತಾ ಆರಿಸುತ್ತಾ ಅವನ ತಲೆ ನರೆಯಿತು. ಪ್ರಶ್ನೆ ಎಲ್ಲಿ ಹೋಯಿತೋ ಗೊತ್ತಿಲ್ಲ, ಸಾರು ಮಾತ್ರ ಸುತ್ತಲಿನ ಊರುಗಳಲ್ಲೆಲ್ಲ ಹೆಸರಾಯಿತು.

ಒಂದು ಬೇಸಿಗೆಯಲ್ಲಿ ಅಮ್ಮಣ್ಣಿ, "ನಾನು ಹೊರಡ್ತೀನಿ" ಎಂದರು.

"ಎಲ್ಲಿಗೆ?"

"ಹೊಳೆ ಗುಂಟ. ಊರೂರಿಗೆ. ಈ ಕಾಲು ಪೂರ್ತಿ ಕೈಕೊಡೋ ಮುಂಚೆ."

ಪದ್ಮಾಕ್ಷಿ ಎಂಬ ಇನ್ನೊಬ್ಬ ಶಿಷ್ಯೆ ಊರಿನ ಶಾಲೆಯ ವ್ಯಾನು ಓಡಿಸುತ್ತಿದ್ದಳು. ಅವಳಿಗೂ ವ್ಯಾನಿಗೂ ಒಟ್ಟಿಗೇ ನಿವೃತ್ತಿಯಾಗಿತ್ತು. ಆ ಹಳದಿ ವ್ಯಾನನ್ನು ತಂದು ಆಶ್ರಮದ ಮುಂದೆ ನಿಲ್ಲಿಸಿದಳು. ಹಿಂದಿನ ಸೀಟುಗಳನ್ನು ಕಿತ್ತು ಹಾಸಿಗೆಗೆ ಜಾಗ ಮಾಡಿದರು.

ಅಮ್ಮಣ್ಣಿ ರಂಗಧಾಮನನ್ನು ಕರೆದರು. "ಇದಕ್ಕೊಂದು ಅಡುಗೆಮನೆ ಮಾಡಿಕೊಡು. ಹಗುರವಾಗಿರಬೇಕು. ಹಾಸಿಗೆ ಬಿಚ್ಚುವಾಗ ಇಡಿಯಾಗಿ ಎತ್ತಿ ಹೊರಗಿಡೋ ಹಾಗಿರಬೇಕು."

"ಎಷ್ಟು ಜನಕ್ಕೆ ಅಮ್ಮಣ್ಣಿ?"

"ಬಂದಷ್ಟು ಜನಕ್ಕೆ."

ಅವನಿಗೆ ತಿಳಿಯಬೇಕಾಗಿದ್ದು ಬೇರೆ. ವ್ಯಾನು ಓಡಿಸಲು ಪದ್ಮಾಕ್ಷಿ ಇದ್ದಳು. ಊರು ನೋಡಲು ಅಮ್ಮಣ್ಣಿ ಇದ್ದರು. ತನ್ನನ್ನೂ ಕರೆದುಕೊಂಡು ಹೋಗುತ್ತಾರೋ ಇಲ್ಲವೋ? ಅವರು ಹೇಳಲಿಲ್ಲ. ಇವನಿಗೆ ಬಾಯಿಬಿಟ್ಟು ಕೇಳುವ ಧೈರ್ಯ ಬರಲಿಲ್ಲ.

ಮೊದಲ ಸಲ ಅವನು ಅಡುಗೆಪೆಟ್ಟಿಗೆಯನ್ನು ತೇಗದಲ್ಲಿ ಮಾಡಿದ. ಅಡುಗೆಮನೆಯ ಹಳೇ ಕಪಾಟನ್ನೇ ಬಿಚ್ಚಿ, ಅದರ ಹಲಗೆಗಳಿಂದ ಕಟ್ಟಿದ. ಒಳಗೆ ಹಿತ್ತಾಳೆ ಕೊಳಗ, ಕಬ್ಬಿಣದ ಕಾವಲಿ, ಚಿಕ್ಕದೊಂದು ಒರಳು.

ಅಮ್ಮಣ್ಣಿ ಅದರ ಸುತ್ತ ಒಂದು ಸುತ್ತು ಬಂದರು. ಹಲಗೆಯ ಮೇಲೆ ಒಂದು ದುಂಡನೆಯ ಕಲೆ ಇತ್ತು. ಅದನ್ನು ಬೆರಳಲ್ಲಿ ಸವರಿದರು.

"ಇದು ಹೆರಳೆಕಾಯಿ ಭರಣಿಯದಲ್ವಾ?"

"ಅದೇ. ಹೊಳೆ ಉಕ್ಕಿದ ವರ್ಷ ತೇಲಿಕೊಂಡು ಹೋಯ್ತಲ್ಲ."

"ಕೆಳಗಿನ ಊರಿನವರು ಹಿಡಿದು, ಉಪ್ಪಿನಕಾಯಿ ತಿಂದು, ತೊಳೆದು ವಾಪಸ್ ಕಳಿಸಿದ್ರು. ಉಪ್ಪು ಕಮ್ಮಿ ಅಂತ ಹೇಳಿ ಬೇರೆ ಕಳಿಸಿದ್ರು."

ಇಬ್ಬರೂ ನಕ್ಕರು. ಕಲೆಯ ಮೇಲಿಂದ ಬೆರಳು ತೆಗೆಯಲು ಅಮ್ಮಣ್ಣಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಎಲ್ಲಿ, ಎತ್ತಿಡು ನೋಡೋಣ."

ರಂಗಧಾಮ, ಪದ್ಮಾಕ್ಷಿ, ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಸೇರಿ ಎತ್ತಿದರು. ವ್ಯಾನು ಹಿಂಗಾಲಲ್ಲಿ ಕುಕ್ಕರಿಸಿತು.

"ರಂಗಣ್ಣ," ಎಂದಳು ಪದ್ಮಾಕ್ಷಿ ಸೊಂಟ ಹಿಡಿದುಕೊಂಡು, "ಇಷ್ಟಾದ್ಮೇಲೆ ಬಾವಿ ಒಂದ್ಯಾಕೆ ಬಿಟ್ರಿ? ಅದನ್ನೂ ಹಾಕ್ಬಿಡಿ."

ಅಮ್ಮಣ್ಣಿ ಹೇಳಿದ್ದು ಇಷ್ಟೇ. "ಹೊರಟಿರೋದು ನಾನು ಕಣೋ. ಆಶ್ರಮ ಅಲ್ಲ."

ಎರಡನೆಯ ಸಲ ಅವನು ತೆಳು ಪ್ಲೈವುಡ್ ತಂದ. ಮೂಲೆಗಳಿಗೆ ಅಲ್ಯೂಮಿನಿಯಂ ಪಟ್ಟಿ ಹೊಡೆದ. ಮುಚ್ಚಳ ಎತ್ತಿ ಮಡಚಿದರೆ ಅದೇ ಮೇಜು. ಒಳಗೆ ಒಂದೇ ಉರಿಯ ಒಲೆ, ಪಕ್ಕದಲ್ಲಿ ಪುಟ್ಟ ಸಿಲಿಂಡರ್, ನಲ್ಲಿ ಕೂರಿಸಿದ ನೀರಿನ ಕ್ಯಾನು. ಕೆಳಗೆ ಪುಡಿಗಳ ಡಬ್ಬಿಗೆ ಡ್ರಾಯರು. ಹಿಂಬಾಗಿಲು ತೆಗೆದು ಎಳೆದರೆ ಇಡೀ ಅಡುಗೆಮನೆ ಜಾರಿ ಹೊರಗೆ ಬರುತ್ತಿತ್ತು.

ಪದ್ಮಾಕ್ಷಿ ಒಬ್ಬಳೇ ಎತ್ತಿದಳು. "ಅಯ್ಯೋ, ನನ್ನ ಮೊಮ್ಮಗಳ ಸ್ಕೂಲ್ ಬ್ಯಾಗೇ ಇದಕ್ಕಿಂತ ಭಾರ ಇದೆ!"

ರಂಗಧಾಮನ ಮುಖ ಅರಳಿತು. ಅಮ್ಮಣ್ಣಿ ಪೆಟ್ಟಿಗೆಯನ್ನು ಹೊಳೆಯ ದಂಡೆಗೆ ತರಿಸಿ ಮರದ ನೆರಳಲ್ಲಿ ಇಡಿಸಿದರು.

"ರಂಗಧಾಮ, ನೀನು ಮೆಟ್ಟಿಲ ಮೇಲೆ ಕೂತ್ಕೋ. ಏಳಬೇಡ. ಪದ್ಮಾಕ್ಷಿ, ಮೂರು ಲೋಟ ಕಾಫಿ ಮಾಡು."

ಪದ್ಮಾಕ್ಷಿ ಮುಚ್ಚಳ ಎತ್ತಲು ಹೋದಳು. ಬರಲಿಲ್ಲ. ಒಂದು ಚಿಲಕ ತೆಗೆದಳು. ಇನ್ನೊಂದಿತ್ತು. ಅದನ್ನು ತೆಗೆದರೆ ಮೊದಲನೆಯದು ತಾನೇ ಬಿದ್ದುಕೊಂಡಿತು. ಡ್ರಾಯರು ಎಳೆದಳು. ಅದರ ಅಡಿಯಲ್ಲಿ ಮತ್ತೊಂದು.

"ಇದೇನು ಅಡುಗೆಪೆಟ್ಟಿಗೆಯೋ, ಅರಮನೆ ಖಜಾನೆಯೋ?"

ರಂಗಧಾಮ ಕೂತಲ್ಲೇ ಚಡಪಡಿಸಿದ. "ಅದು ಹಾಗಲ್ಲ. ಮೊದಲು ಎಡಗಡೆದು ಒತ್ತಿ, ಆಮೇಲೆ..."

"ಕೂತ್ಕೋ ಅಂದೆ."

ಕೊನೆಗೆ ಮುಚ್ಚಳ ಏನೋ ಬಂತು. ಪುಡಿಗಳ ಡಬ್ಬಿಗಳೆಲ್ಲ ಒಂದೇ ಅಳತೆ, ಒಂದೇ ಬಣ್ಣ. ಪದ್ಮಾಕ್ಷಿ ಒಂದನ್ನು ತೆಗೆದಳು, ಧನಿಯ. ಇನ್ನೊಂದು, ಜೀರಿಗೆ. ಮೂರನೆಯದನ್ನು ಮೂಸಿದವಳು ಸೀನಿದಳು, ಸೀನುತ್ತಲೇ ಹೋದಳು.

ನೆರಳು ಪೆಟ್ಟಿಗೆಯನ್ನು ಬಿಟ್ಟು ಆಚೆ ಸರಿಯಿತು. ಕಾಫಿ ಬರಲಿಲ್ಲ.

ಅಮ್ಮಣ್ಣಿ ಮೆಲ್ಲಗೆ ನೀರಿಗಿಳಿದು, ಬೊಗಸೆಯಲ್ಲಿ ಹೊಳೆಯ ನೀರು ಎತ್ತಿ ಕುಡಿದರು. ಸೆರಗಿನಲ್ಲಿ ಬಾಯಿ ಒರೆಸಿಕೊಂಡರು.

"ಕಾಫಿ ಚೆನ್ನಾಗಿತ್ತು."

ರಂಗಧಾಮ ತಲೆ ತಗ್ಗಿಸಿದ. "ರಸ್ತೆ ಕುಲುಕಾಟಕ್ಕೆ ತೆರೆದುಕೊಳ್ಳಬಾರದು ಅಂತ ಚಿಲಕ ಹಾಕಿದೆ ಅಮ್ಮಣ್ಣಿ."

"ರಸ್ತೆಗೆ ಒಂದು ಚಿಲಕ ಸಾಕು. ಮಿಕ್ಕಿದ್ದು ಯಾರಿಗೆ?"

ಪದ್ಮಾಕ್ಷಿ ಆಚೆ ತಿರುಗಿ ಸೀನಿದಳು.

ಅಮ್ಮಣ್ಣಿ ಅವನ ಪಕ್ಕದ ಮೆಟ್ಟಿಲ ಮೇಲೆ ಕೂತರು. ಕಾಲನ್ನು ನೀರಿಗೆ ಇಳಿಬಿಟ್ಟರು.

"ನಮ್ಮ ಗುರುಗಳು ಎತ್ತಿನ ಗಾಡಿಯಲ್ಲಿ ಊರೂರು ತಿರುಗ್ತಿದ್ರು. ಹಿಂದುಗಡೆ ಹುಲ್ಲಿನ ಮೇಲೆ ನಾನು. ಅಡುಗೆಮನೆ ಅಂದ್ರೆ ಒಂದು ಮಡಕೆ, ಒಂದು ಸೌಟು. ಒಲೆಗೆ ಕಲ್ಲು ಆಯಾ ಊರಿಂದು."

"ಚೆನ್ನಾಗಿತ್ತಾ ಅಮ್ಮಣ್ಣಿ?"

"ಹೊಗೆ. ಸೊಳ್ಳೆ. ಮಳೆ ಬಂದ್ರೆ ಉಪವಾಸ. ಎತ್ತು ಮುನಿಸಿಕೊಂಡ್ರೆ ನಡಿಗೆ." ಅವರು ಹೊಳೆಯನ್ನೇ ನೋಡುತ್ತಿದ್ದರು. "ಅಷ್ಟು ಚೆನ್ನಾಗಿರೋ ದಿನ ಮತ್ತೆ ಬರಲೇ ಇಲ್ಲ."

ಆಚೆ ದಡದಲ್ಲಿ ಯಾರೋ ಎಮ್ಮೆ ತೊಳೆಯುತ್ತಿದ್ದರು.

"ಊರವರು ಬರೋರು. ನಾನು ಸೌದೆ ಹಾಕ್ತೀನಿ, ನಾನು ಬೇಳೆ ತೊಳೀತೀನಿ ಅನ್ನೋರು. ನಾನು ಯಾರನ್ನೂ ಒಲೆ ಹತ್ರ ಬಿಡ್ತಿರಲಿಲ್ಲ. ಮಲಗುವಾಗ ಸೌಟನ್ನ ಸೆರಗಿಗೆ ಗಂಟು ಹಾಕ್ಕೊಂಡು ಮಲಗ್ತಿದ್ದೆ."

"ಸೌಟನ್ನ? ಯಾಕೆ?"

"ನೀನು ಹೇಳು, ಯಾಕೆ?"

ರಂಗಧಾಮ ಪೆಟ್ಟಿಗೆಯ ಚಿಲಕಗಳ ಕಡೆ ನೋಡಿದ.

"ಒಂದು ಸಲ ಗಾಡಿ ಈ ದಂಡೆಯಲ್ಲಿ ನಿಂತಿತ್ತು. ಇಲ್ಲೇ, ಆ ಮರದ ಕೆಳಗೆ. ಬೆಳಗ್ಗೆ ಎದ್ದೆ. ಸೌಟು ಸೆರಗಲ್ಲೇ ಇತ್ತು. ಗಾಡಿ ಇರಲಿಲ್ಲ."

ಪದ್ಮಾಕ್ಷಿಯ ಸೀನು ನಿಂತಿತ್ತು.

"ಆಮೇಲೆ?" ರಂಗಧಾಮನ ದನಿ ಸಣ್ಣಗಾಗಿತ್ತು.

"ಆಮೇಲೆ ಇಲ್ಲೊಂದು ಅಡುಗೆಮನೆ ಆಯ್ತು. ಜನ ಬಂದ್ರು. ನೀನು ಬಂದೆ."

"ಗುರುಗಳು ವಾಪಸ್ ಬರಲಿಲ್ವಾ?"

"ಇಲ್ಲ. ಆ ಗಾಡಿ ಇಲ್ಲಿಂದ ಮುಂದೆ ಹೋದ ಊರುಗಳನ್ನ ನಾನು ಇನ್ನೂ ನೋಡಿಲ್ಲ."

ಅಷ್ಟು ಹೇಳಿ, ಅವನ ಹೆಗಲಿಗೆ ಕೈಯೂರಿ ಎದ್ದು, ಒಳಗೆ ಹೋದರು.

ರಂಗಧಾಮ ಸ್ಕ್ರೂಡ್ರೈವರ್ ತಂದು ಕೂತ. ಒಂದೊಂದಾಗಿ ಚಿಲಕ ಬಿಚ್ಚಿದ. ಒಂದನ್ನು ಮಾತ್ರ ಉಳಿಸಿದ, ಅದೂ ಮುಂದುಗಡೆ, ಕಣ್ಣಿಗೆ ಕಾಣುವಲ್ಲಿ. ಪುಡಿಗಳನ್ನೆಲ್ಲ ಗಾಜಿನ ಬಾಟಲಿಗಳಿಗೆ ಸುರಿದ. ಮೆಣಸಿನಪುಡಿ ಮೆಣಸಿನಪುಡಿಯ ಹಾಗೆ ಕಾಣತೊಡಗಿತು.

ಆಮೇಲೆ ಪದ್ಮಾಕ್ಷಿಯನ್ನು ಕರೆದು ಸಾರಿನ ಪುಡಿಯ ಅಳತೆ ಹೇಳಿಕೊಟ್ಟ. ಮೆಂತ್ಯ ಎಷ್ಟು ಎನ್ನುವ ಕಡೆ ಮಾತ್ರ ಕೆಮ್ಮು ಬಂತು.

"ಏನು ರಂಗಣ್ಣ, ಗಂಟಲಲ್ಲಿ ಸಿಕ್ಕಾಕ್ಕೊಳ್ತಾ?"

"ಇಲ್ಲ ಇಲ್ಲ." ಅವನು ಕೆಮ್ಮು ನುಂಗಿ, ಮೆಂತ್ಯ ಎಷ್ಟು ಎಂದು ಹೇಳಿದ. "ಹುರಿಯೋದು ಸಣ್ಣ ಉರಿಯಲ್ಲಿ. ಅದನ್ನೂ ಹೇಳಿಬಿಡ್ತೀನಿ."

ಹೊರಡುವ ದಿನ ಬಂತು. ಬೆಳಗ್ಗೆ ಕಾಫಿಗೆಂದು ವ್ಯಾನಿನಿಂದ ಪೆಟ್ಟಿಗೆಯನ್ನು ದಂಡೆಗೆ ಇಳಿಸಿದರು. ಬಟ್ಟೆ ಒಗೆಯಲು ಬಂದ ಒಬ್ಬ ಹೆಂಗಸು ಗಂಟು ಇಳಿಸಿ ಬಗ್ಗಿ ನೋಡಿದಳು.

"ಇದೇನು ಅಮ್ಮಣ್ಣೋರೆ, ಇದು?"

"ನಮ್ಮ ಅಡುಗೆಮನೆ. ಕಾಫಿ ಮಾಡ್ತೀಯಾ ತಾಯಿ? ನಾವೆಲ್ಲ ಹೊರಡೋ ಗಡಿಬಿಡಿಯಲ್ಲಿದ್ದೀವಿ."

ರಂಗಧಾಮನ ಕಾಲು ಒಂದು ಹೆಜ್ಜೆ ಮುಂದೆ ಹೋಯಿತು. ಅವನು ಅದನ್ನು ಹಿಂದಕ್ಕೆ ಎಳೆದುಕೊಂಡ.

ಆ ಹೆಂಗಸು ಕೈ ಒರೆಸಿಕೊಂಡು ಚಿಲಕ ತೆಗೆದಳು. ಮುಚ್ಚಳ ಮಡಚಿದಳು. ಒಲೆ ಹಚ್ಚಿದಳು. ಯಾರನ್ನೂ ಏನೂ ಕೇಳಲಿಲ್ಲ. ಸಕ್ಕರೆ ಹಾಕುವಾಗಲಂತೂ ಕೇಳಲೇ ಇಲ್ಲ. ಚಮಚದ ಮೇಲೆ ಚಮಚ ಬೀಳುವುದನ್ನು ರಂಗಧಾಮ ಕಣ್ಣು ಮುಚ್ಚಿ ಕೇಳಿಸಿಕೊಂಡ.

"ಕುಡೀರಿ, ನೀವೂ ಕುಡೀರಿ," ಎಂದು ಅವನ ಕೈಗೂ ಒಂದು ಲೋಟ ಇಟ್ಟಳು.

ಒಲೆಯ ಮುಂದೆ ಅವನು ತಾನು ಮಾಡದೆ, ಸುಮ್ಮನೆ ನಿಂತು ಕುಡಿದ ಮೊದಲ ಕಾಫಿ ಅದು. ಪಾಯಸದಷ್ಟು ಸಿಹಿ. ತಳ ಕಾಣುವ ತನಕ ಕುಡಿದ.

"ಹೆಂಗಿದೆ?" ಎಂದು ಕೇಳಿದಳು ಅವಳು.

"ಚೆನ್ನಾಗಿದೆ ತಾಯಿ," ಎಂದ. ಹೇಳಿದ ಮೇಲೆ, ಅದು ನಿಜ ಎಂದು ಅವನಿಗೇ ಆಶ್ಚರ್ಯವಾಯಿತು.

ಹೆಂಗಸು ಬಟ್ಟೆಗಂಟು ಎತ್ತಿಕೊಂಡು ನೀರಿನ ಕಡೆ ಹೋದಳು. ರಂಗಧಾಮ ಪಾತ್ರೆ ತೊಳೆದ. ಪೆಟ್ಟಿಗೆ ಒರೆಸಿದ, ಎತ್ತಿದ, ವ್ಯಾನಿನೊಳಗೆ ಜಾರಿಸಿದ. ಚಿಲಕ ಹಾಕಿದ.

ಅಮ್ಮಣ್ಣಿ ಆಗಲೇ ಹತ್ತಿ ಕೂತಿದ್ದರು. ಅವನು ಕೆಳಗೆ ನಿಂತು ಕೈಮುಗಿದ.

"ಎಲ್ಲಾ ಸರಿಯಾಗಿದೆ ಅಮ್ಮಣ್ಣಿ. ಯಾರು ಬೇಕಾದ್ರೂ ತೆಗೀಬಹುದು, ಯಾರು ಬೇಕಾದ್ರೂ ಮಾಡಬಹುದು." ಮುಗಿದ ಕೈ ಇಳಿಸಿದ. "ಇನ್ನು ನನ್ನಿಂದ ಏನೂ ಆಗಬೇಕಾಗಿಲ್ಲ."

"ಇಲ್ಲ," ಎಂದರು ಅಮ್ಮಣ್ಣಿ.

ಪದ್ಮಾಕ್ಷಿ ವ್ಯಾನು ಶುರು ಮಾಡಿದಳು. ಅಮ್ಮಣ್ಣಿ ಬಾಗಿಲು ಎಳೆದುಕೊಳ್ಳಲಿಲ್ಲ.

"ಈಗ ಹೇಳು. ಬರ್ತೀಯಾ?"